ಬಾಯಾರಿದವಳಿಗೆ ನೀರು, ಕೊಟ್ಟವನಿಗೆ ವಿದ್ಯೆ

ಸೆಲಡಾನ್ ಎಂಬ ಪೇಟೆಯಲ್ಲಿ ಐದು ಮಾಳಿಗೆಯ ದೊಡ್ಡ ಅಂಗಡಿಯೊಂದಿದೆ. ಅದರ ತಾರಸಿ ಹತ್ತಿದರೆ ಪುಟ್ಟ ಹುಡುಗಿಯೊಬ್ಬಳು ಸಿಗುತ್ತಾಳೆ. ಮಾತಾಡಿಸಿದರೆ ಬಾಯಾರಿಕೆ, ಕುಡಿಯಲು ಏನಾದರೂ ಬೇಕು ಎನ್ನುತ್ತಾಳೆ. ಕೊಟ್ಟರೆ ಏನು ಸಿಗುತ್ತದೆಂದು ಹೇಳುವುದಿಲ್ಲ. ಅಲ್ಲೇ ತಂಪು ಪಾನೀಯದ ಯಂತ್ರಗಳಿವೆ. 200 ಹಾಕಿ ನೀರು ತೆಗೆದು ಕೊಟ್ಟರೆ, ಆಕೆ 'ಐಸ್ ಬೀಮ್' ಎಂಬ ಹಿಮದ ಪಟ್ಟನ್ನು ಕಲಿಸುವ ವಸ್ತುವೊಂದನ್ನು ನಮ್ಮ ಕೈಗಿಡುತ್ತಾಳೆ. 300ರ ಸೋಡಾಕ್ಕೆ ಬಂಡೆ ಉರುಳಿಸುವ ಪಟ್ಟು. 350ರ ಲೆಮನೇಡಿಗೆ ಮತ್ತೊಂದು. ಮೂರನ್ನೂ ಕೊಟ್ಟರೆ ಮೂರೂ ಸಿಗುತ್ತವೆ.

ಇದು 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಮೊದಲ ಪೋಕೆಮಾನ್ ವಿಡಿಯೊ ಗೇಮಿನ ಒಂದು ಮೂಲೆ. ಮನೆಗೆ ಯಾರು ಬಂದರೂ ಮಾತಿಗೆ ಮೊದಲು ನೀರು, ಬೆಲ್ಲ ತಂದಿಡುವ ಊರಿನವನಾದ ನನಗೆ ಈ ತಾರಸಿ ಮರೆಯಲಾಗಿಲ್ಲ. ದುಬೈಯಿಂದ ರಜೆಗೆ ಬಂದಿದ್ದ ದೊಡ್ಡಪ್ಪನ ಮಗ ಹಟ್ಟಿಯಂಗಡಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಗೇಮ್ ಬಾಯ್ ಎಂಬ ಆ ಬೂದು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಾಗ ನಾನು ಹೈಸ್ಕೂಲಿನಲ್ಲಿದ್ದೆ. ನಾಲ್ಕು ಶೆಲ್ ಹಾಕಿದರೆ ನಡೆಯುವ ಪೆಟ್ಟಿಗೆ. ವರಾಹಿ ಹೊಳೆಯ ಕಡೆಯಿಂದ ಗಾಳಿ ಬರುವ ಸಂಜೆ, ಕರೆಂಟು ಹೋದರೂ ನಿಲ್ಲದ ಆಟ ಅದೊಂದೇ. ಕತ್ತಲಾದಂತೆ ಪರದೆ ಕಾಣದೆ ದೀಪದ ಬುಡಕ್ಕೆ ಸರಿಯುತ್ತಿದ್ದೆವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪೋಕೆಮಾನ್ ಎಂದರೆ ಹುಲ್ಲಿನಲ್ಲಿ, ನೀರಿನಲ್ಲಿ, ಗುಹೆಯಲ್ಲಿ ಸಿಗುವ ವಿಚಿತ್ರ ಪ್ರಾಣಿಗಳು. ಅವುಗಳನ್ನು ಹಿಡಿಯುವುದು, ಸಾಕುವುದು, ಪಳಗಿಸುವುದು, ಪಂದ್ಯಕ್ಕೆ ಇಳಿಸುವುದು ಆಟಗಾರನ ಕೆಲಸ. ಮೊದಲ ಆಟದಲ್ಲಿ ಅವು 151 ಬಗೆ. ಇದನ್ನು ಕಟ್ಟಿದ ಸತೋಶಿ ತಜಿರಿ 1965ರಲ್ಲಿ ಹುಟ್ಟಿದವರು. ಟೋಕಿಯೊದ ಅಂಚಿನ ಮಚಿದಾದಲ್ಲಿ ಹುಳ ಹಿಡಿಯುತ್ತ ಬೆಳೆದವರು. ಗದ್ದೆ, ಕೆರೆಗಳ ಮೇಲೆ ಕಟ್ಟಡಗಳು ಎದ್ದು ಹುಳಗಳು ಕಾಣೆಯಾದ ಮೇಲೆ, ಹುಡುಕುವ ಆ ಖುಷಿಯನ್ನು ಆಟದೊಳಗೆ ತುಂಬಿದರು. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ನೂಲು ಕಟ್ಟಿ ಗದ್ದೆಯಂಚಿನಲ್ಲಿ ಓಡಿದ ನಮ್ಮ ಕಡೆಯ ಮಕ್ಕಳಿಗೆ ಅವರು ಪರಕೀಯರೆಂದು ನನಗೆ ಅನಿಸಿದ್ದೇ ಇಲ್ಲ.

ಒಂದು ಪೋಕೆಮಾನಿಗೆ ಒಮ್ಮೆಗೆ ನಾಲ್ಕೇ ಪಟ್ಟು ನೆನಪಿರುತ್ತದೆ. ಐದನೆಯದು ಕಲಿಯಬೇಕಾದರೆ ಒಂದನ್ನು ಮರೆಯಬೇಕು. ಪಂದ್ಯ ಆಡುತ್ತ ಆಡುತ್ತ ಬೆಳೆದಂತೆ ತಾನಾಗಿ ಕಲಿಯುವ ಪಟ್ಟುಗಳು ಕೆಲವು. ತಾನಾಗಿ ಎಂದೂ ಬಾರದ, ಹೊರಗಿನಿಂದಲೇ ಕಲಿಸಬೇಕಾದವು ಕೆಲವು. ಹೀಗೆ ಕಲಿಸುವ ವಸ್ತುವೇ 'ಟೆಕ್ನಿಕಲ್ ಮಷಿನ್'. ಮಕ್ಕಳ ಬಾಯಲ್ಲಿ ಟಿಎಂ. ಮೊದಲ ಆಟದಲ್ಲಿ ಇಂಥವು 50. ಯಾರು ಯಾವುದನ್ನು ಕಲಿಯಬಲ್ಲರು ಎಂಬುದಕ್ಕೂ ಲೆಕ್ಕವಿದೆ. ಮ್ಯೂ ಎಂಬ ಅಪರೂಪದ ಪ್ರಾಣಿ ಎಲ್ಲವನ್ನೂ ಕಲಿಯುತ್ತದೆ. ಮ್ಯಾಜಿಕಾರ್ಪ್ ಎಂಬ ಪಾಪದ ಮೀನು ಒಂದನ್ನೂ ಕಲಿಯುವುದಿಲ್ಲ. ಆದರೆ ತಾಳ್ಮೆಯಿಂದ 20ನೇ ಹಂತದವರೆಗೆ ಸಾಕಿದರೆ ಅದೇ ಗ್ಯಾರಡೋಸ್ ಎಂಬ ಭಯಂಕರ ಸರ್ಪವಾಗಿ ಎದ್ದು, ಬೆಂಕಿ, ಹಿಮ, ಸಿಡಿಲಿನ ಪಟ್ಟುಗಳನ್ನು ಕೂಡ ಕಲಿತುಬಿಡುತ್ತದೆ.

ಈ ಟಿಎಂಗಳನ್ನು ಆಟ ಎಲ್ಲೆಲ್ಲಿ ಇಟ್ಟಿದೆ ಎಂಬುದೇ ನನಗೆ ಮುಖ್ಯ. ಊರೂರಿನ ಗರಡಿಯ ಗುರುಗಳನ್ನು ಗೆದ್ದರೆ ಅವರು ತಮ್ಮ ಹೆಚ್ಚುಗಾರಿಕೆಯ ಪಟ್ಟನ್ನು ಕೊಟ್ಟು ಕಳಿಸುತ್ತಾರೆ. ಸಿಡಿಲಿನ ಗರಡಿಯ ಲೆಫ್ಟಿನೆಂಟ್ ಸರ್ಜ್ ಕೊಡುವುದು 'ಥಂಡರ್‌ಬೋಲ್ಟ್'. ಸೋತವನು ಗೆದ್ದವನಿಗೆ ವಿದ್ಯೆ ಕೊಡುವುದು ಸಣ್ಣ ಸೌಜನ್ಯವೇನಲ್ಲ. ಇನ್ನು ಕೆಲವು ದಾರಿ ಮುಗಿಯುವಲ್ಲಿ ಬಿದ್ದಿರುತ್ತವೆ. ಇದು ಆಟ ಕಟ್ಟಿದವರ ಅಲಿಖಿತ ಒಪ್ಪಂದ: ಎಲ್ಲಿಗೂ ಹೋಗದ ಕವಲುದಾರಿಯೊಂದು ಕಂಡರೆ ಅದರ ಕೊನೆಯಲ್ಲಿ ಏನೋ ಇದೆ. ಸುಮ್ಮನೆ ಯಾರೂ ದಾರಿ ಬಿಡಿಸುವುದಿಲ್ಲ. ಜೂಜಿನ ಅಡ್ಡೆಯಲ್ಲಿ ನಾಣ್ಯ ಒಟ್ಟುಮಾಡಿ ಕೊಳ್ಳಬೇಕಾದ ಟಿಎಂಗಳೂ ಇದ್ದವು. ಅದು ನನಗೆ ಆಗಲೂ ಹಿಡಿಸಿರಲಿಲ್ಲ. ಮುಂದಿನ ಆಟಗಳಲ್ಲಿ ಆ ಜೂಜಿನ ಯಂತ್ರಗಳು ಮರೆಯಾದದ್ದು ಒಳ್ಳೆಯದೇ ಆಯಿತು.

ಎಲ್ಲಕ್ಕಿಂತ ಚಂದದವು ಜನರ ಕೈಯಲ್ಲಿರುವವು. ಇವುಗಳಲ್ಲಿ ಐದು ಬೇರೆಯೇ ಜಾತಿ, 'ಎಚ್‌ಎಂ' ಎಂಬ ಹೆಸರಿನವು. ಇವು ಪಂದ್ಯಕ್ಕೂ ಆದವು, ದಾರಿಗೂ ಆದವು: ಅಡ್ಡ ಬಂದ ಮರ ಕಡಿಯಲು, ನೀರು ದಾಟಲು, ಬಂಡೆ ತಳ್ಳಲು, ಕತ್ತಲ ಗುಹೆಗೆ ಬೆಳಕು ಹಾಯಿಸಲು, ಹಾರಿ ಹೋಗಲು. ಮರ ಕಡಿಯುವ ವಿದ್ಯೆ ಇರುವುದು ಹಡಗೊಂದರ ಕ್ಯಾಪ್ಟನ್ ಹತ್ತಿರ. ಹೋದರೆ ಅವನಿಗೆ ಕಡಲಿನ ಕಾಯಿಲೆ, ವಾಂತಿ. ಅವನ ಬೆನ್ನು ನೀವಿ ಸುಧಾರಿಸಿದ ಮೇಲೆ ವಿದ್ಯೆ ಕೊಡುತ್ತಾನೆ. ಪಡೆದು ಕೆಳಗಿಳಿದರೆ ಹಡಗು ಬಂದರು ಬಿಟ್ಟು ಹೋಗುತ್ತದೆ. ಬಂಡೆ ತಳ್ಳುವ ವಿದ್ಯೆ ಇರುವುದು ಪ್ರಾಣಿವನದ ಮುದುಕನಲ್ಲಿ. ಅವನ ಚಿನ್ನದ ಹಲ್ಲಿನ ಸೆಟ್ಟು ಕಳೆದುಹೋಗಿ, ಏನು ಹೇಳಿದರೂ ಯಾರಿಗೂ ಅರ್ಥವಾಗುವುದಿಲ್ಲ. ಹಲ್ಲು ಹುಡುಕಿ ತಂದುಕೊಟ್ಟರೆ ಮಾತೂ ಬರುತ್ತದೆ, ವಿದ್ಯೆಯೂ ಬರುತ್ತದೆ. ಅದೇ ವನದ ತುದಿಯ ಒಂಟಿ ಮನೆಯಲ್ಲಿ ನೀರು ದಾಟುವ ವಿದ್ಯೆ. ಅಲ್ಲಿಗೆ 500 ಹೆಜ್ಜೆಯೊಳಗೆ ಮುಟ್ಟಬೇಕು. ಹೆಜ್ಜೆ ಮುಗಿದರೆ ಹೊರಗೆ.

ಹತ್ತು ವರ್ಷದ ಮಗು ಇದರಿಂದ ಪಡೆದ ಅಭ್ಯಾಸ ಏನೆಂದರೆ ಎಲ್ಲರನ್ನೂ ಮಾತಾಡಿಸುವುದು. ಬಾಗಿಲು ತೆರೆದ ಪ್ರತಿ ಮನೆಯೊಳಗೆ ಹೋಗಿ, ಕಿಟಕಿಯ ಹತ್ತಿರ ಸುಮ್ಮನೆ ಕೂತ ಅಜ್ಜನನ್ನೂ ಬಿಡದೆ ಮಾತಾಡಿಸುವುದು. ಯಾರ ಹತ್ತಿರ ಏನಿದೆ ಎಂದು ಮುಖ ನೋಡಿ ತಿಳಿಯುವುದಿಲ್ಲವಲ್ಲ.

ಹೆಸರಿನ ಮಾತೊಂದು ಇಲ್ಲಿ ಹೇಳಬೇಕು. 'ಟೆಕ್ನಿಕಲ್ ಮಷಿನ್' ಎಂಬುದು ಇಂಗ್ಲಿಷಿಗೆ ಬಂದಾಗ ಆದ ಹೆಸರು, ಕಾರ್ಖಾನೆಯ ಬಿಡಿಭಾಗದಂತೆ ಕೇಳುತ್ತದೆ. ಜಪಾನಿನ ಮೂಲದಲ್ಲಿ ಅದು 'ವಝಾ ಮಷಿನ್'. ವಝಾ ಎಂದರೆ ಕೈಚಳಕ, ಪಟ್ಟು, ವರಸೆ. ಜೂಡೊ ಕುಸ್ತಿಯ ಪಟ್ಟುಗಳಿಗೂ ಅದೇ ಮಾತು. ಎಚ್‌ಎಂಗೆ ಅಲ್ಲಿ 'ಹಿಡೆನ್ ಮಷಿನ್' ಎನ್ನುತ್ತಾರೆ. ಇದು 'ಬಚ್ಚಿಟ್ಟದ್ದು' ಎಂಬರ್ಥದ ಇಂಗ್ಲಿಷ್ ಪದದಂತೆ ಕೇಳಿಸಿದರೂ ಅದಲ್ಲ. ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಗುಟ್ಟಾಗಿ ದಾಟುವ ವಿದ್ಯೆಗೆ ಜಪಾನೀಯರ ಹಳೆಯ ಹೆಸರು. ನೋಹ್ ರಂಗಭೂಮಿಯ ಝೆಯಾಮಿ 15ನೇ ಶತಮಾನದ ಆರಂಭದಲ್ಲಿ ನಟನೆಯ ಮರ್ಮವನ್ನೆಲ್ಲ 'ಫೂಶಿಕಾದೆನ್' ಎಂಬ ಗ್ರಂಥದಲ್ಲಿ ಬರೆದಿಟ್ಟದ್ದು ತನ್ನ ಮನೆತನದವರಿಗಾಗಿ. ಆ ಹೆಸರಿನ ಕೊನೆಯ 'ದೆನ್' ಮತ್ತು ಹಿಡೆನ್‌ನ 'ಡೆನ್' ಎರಡೂ ಒಂದೇ ಅಕ್ಷರ, ದಾಟಿಸುವುದು ಎಂದು ಅರ್ಥ. ಹೊರಗಿನವರ ಕೈಗೆ ಆ ಗ್ರಂಥ ಅಚ್ಚಾಗಿ ಸಿಕ್ಕಿದ್ದು 1909ರಲ್ಲಿ, ಸುಮಾರು 500 ವರ್ಷದ ಮೇಲೆ.

ಇದನ್ನು ಓದಿದ ದಿನ ನನಗೆ ನಮ್ಮ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಕಣ್ಣಿಗೆ ಬಂತು. ಹಟ್ಟಿಯಂಗಡಿಯ ಸಿದ್ಧಿವಿನಾಯಕನ ಹೆಸರಿನಲ್ಲಿ ಯಕ್ಷಗಾನದ ಮೇಳವಿದೆ. ಬಡಗುತಿಟ್ಟಿನ ಮೇಳಕ್ಕೆ ಸೇರಿದ ಹುಡುಗ ಹಿಂದೆಲ್ಲ ಕೋಡಂಗಿಯಿಂದ ಶುರುಮಾಡಿ, ಬಾಲಗೋಪಾಲ ಕುಣಿದು, ಸ್ತ್ರೀವೇಷ ಹಾಕಿ, ಹಂತ ಹಂತವಾಗಿ ಮೇಲೆ ಬರಬೇಕಿತ್ತು. ಅದು ಪಂದ್ಯ ಆಡುತ್ತ ತಾನಾಗಿ ಕಲಿಯುವ ವಿದ್ಯೆ. ಇನ್ನೊಂದು ಬಗೆಯದು, ಒಬ್ಬರ ಹತ್ತಿರವೇ ಇರುವುದು. ಬ್ರಹ್ಮಾವರದ ಹತ್ತಿರದ ಹಾರಾಡಿಯದು ಒಂದು ಶೈಲಿ, ಮಟಪಾಡಿಯದು ಇನ್ನೊಂದು. ಇವೆರಡೂ ಊರುಗಳ ಹೆಸರು. ಒಂದು ಹೆಜ್ಜೆ ಬೇಕಾದರೆ ಆ ಊರಿಗೆ, ಆ ಮನೆಗೆ, ಆ ಗುರುವಿನ ಹತ್ತಿರ ಹೋಗಬೇಕು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿ, ಮಟಪಾಡಿ ವೀರಭದ್ರ ನಾಯಕರಂಥವರು ಅಲ್ಲಿ ಗುರುಗಳಾಗಿ ಕೂತ ಮೇಲೆ, ಒಂದು ಮನೆಯಲ್ಲಿದ್ದದ್ದು ಹಲವರಿಗೆ ತೆರೆಯಿತು. ಹುಡುಕಿಕೊಂಡು ಹೋಗಿ ಪಡೆಯುವ ವಿದ್ಯೆ ಏನೆಂದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಳೆಯ ಆಟದ ಟಿಎಂ ಒಂದೇ ಸಲದ್ದು. ಒಬ್ಬನಿಗೆ ಕಲಿಸಿದಿರೋ, ಮುಗಿಯಿತು, ವಸ್ತು ಕರಗಿಹೋಗುತ್ತದೆ. ಚೀಲದಲ್ಲಿ ಇರುವುದು 20 ಬಗೆಯ ವಸ್ತುವಿಗೆ ಜಾಗ. ಮದ್ದು ಇಡುವುದೋ ಟಿಎಂ ಇಡುವುದೋ ಎಂಬ ತೂಗಾಟ ಬೇರೆ. ಅತಿ ಬೆಲೆಯದ್ದು 'ಅರ್ತ್‌ಕ್ವೇಕ್', ಭೂಕಂಪದ ಪಟ್ಟು. ಬಲ 100, ಗುರಿ ತಪ್ಪುವುದು ಅಪರೂಪ. ಇಡೀ ಆಟಕ್ಕೆ ಒಂದೇ ಒಂದು. ಅದನ್ನು ಯಾರಿಗೆ ಕಲಿಸುವುದೆಂದು ತೀರ್ಮಾನಿಸಲಾಗದೆ ನಾನು ಆಟ ಮುಗಿಯುವವರೆಗೂ ಚೀಲದಲ್ಲೇ ಇಟ್ಟುಕೊಂಡೆ. ನನ್ನಂಥವರು ಲೋಕದಲ್ಲಿ ಬಹಳ ಮಂದಿ ಇದ್ದಾರೆಂದು ನಂತರ ತಿಳಿಯಿತು.

ಕಳೆದ ಏಪ್ರಿಲ್ ರಜೆಗೆ ತಂಗಿಯ ಮಗ ಬೆಂಗಳೂರಿನಿಂದ ಬಂದ. ಹನ್ನೊಂದು ವರ್ಷ. ಕೈಯಲ್ಲಿ ನಿಂಟೆಂಡೊ ಸ್ವಿಚ್, ಅದರಲ್ಲಿ 'ಬ್ರಿಲಿಯಂಟ್ ಡೈಮಂಡ್'. 2006ರ ಆಟವೊಂದನ್ನು 2021ರಲ್ಲಿ ಹೊಸದಾಗಿ ಕಟ್ಟಿದ್ದದು. ಜಗಲಿಯ ಅದೇ ಕಂಬಕ್ಕೆ ಒರಗಿ ಎರಡು ದಿನದಿಂದ ಒಂದೇ ಗುಹೆಯ ಸುತ್ತ ತಿರುಗುತ್ತಿದ್ದ.

"ಎಂತ ಹುಡ್ಕುದ್ ಮಗಾ ಅದ್, ಕಳ್ಕಂಡದ್ದಾ?" ಎಂದು ಅಮ್ಮ ಒಳಗಿನಿಂದ ಕೇಳಿದರು.

"ಅರ್ತ್‌ಕ್ವೇಕ್, ಅಜ್ಜಿ. ಇಲ್ಲೇ ಎಲ್ಲೋ ಇತ್ತ್."

ನನಗೆ ಜಾಗ ಗೊತ್ತಿತ್ತು. ಫೋನಿನಲ್ಲಿ ಕೇಳಿದರೂ ಅರೆಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ, "ಮಾವಾ, ನೀವ್ ಹೇಳ್ಬೇಡಿ. ನಾನೇ ಹುಡ್ಕ್ತೆ" ಎಂದ. ಸುಮ್ಮನಾದೆ.

ಆ ಜಾಗದ ಜಾಣತನ ಹೇಳದೆ ಇರಲಾರೆ. ಬೆಟ್ಟದ ನಡುವೆ ಸೈಕಲ್ಲಿಗೆಂದೇ ಉದ್ದನೆಯ ಸೇತುವೆ ಕಟ್ಟಿದ್ದಾರೆ. ಆಟಗಾರ ಸೈಕಲ್ಲಿನಲ್ಲಿ ಅದರ ಮೇಲಿಂದ ಜರ್ರನೆ ಇಳಿದುಹೋಗುತ್ತಾನೆ. ಸೇತುವೆಯ ಬದಿಯಲ್ಲಿ ಗುಹೆಯ ಬಾಯೊಂದು ಕಾಣುತ್ತದೆ. ಒಳಗೆ ಎಷ್ಟು ಸುತ್ತಿದರೂ ಭೂಕಂಪ ಸಿಗುವುದಿಲ್ಲ. ಅದೇ ಗುಹೆಗೆ ಇನ್ನೊಂದು ಬಾಯಿದೆ, ಸೇತುವೆಯ ಸರಿಯಾಗಿ ಅಡಿಯಲ್ಲಿ. ಸೇತುವೆಯ ಹಲಗೆಯೇ ಅದನ್ನು ಮುಚ್ಚಿರುವುದರಿಂದ ಪರದೆಯ ಮೇಲೆ ಅದು ಕಾಣುವುದೇ ಇಲ್ಲ. ಕೆಳಗಿಳಿದು, ಕಾಣದ ಗೋಡೆಗೆ ಮೈಯೊತ್ತಿಕೊಂಡು ನಡೆದವನಿಗಷ್ಟೇ ಸಿಗುತ್ತದೆ. ಒಳಗೆ ಆ ಟಿಎಂ ಇದೆ, ಗಿಬಲ್ ಎಂಬ ಅಪರೂಪದ ಪುಟ್ಟ ಡ್ರ್ಯಾಗನ್ನೂ ಇದೆ. ವರಾಹಿಯ ಮೇಲಿನ ಸೇತುವೆಯಲ್ಲಿ ದಿನಾ ಬಸ್ಸಿನಲ್ಲಿ ಹೋಗುವವರಿಗೂ ಅದರ ಅಡಿಯಲ್ಲಿ ಬಲೆ ಬೀಸುವವರಿಗೂ ಹೊಳೆ ಒಂದೇ ಆಗಿ ಕಾಣುವುದಿಲ್ಲ. ಆ ಆಟ ಕಟ್ಟಿದವರಿಗೆ ಈ ವ್ಯತ್ಯಾಸ ಗೊತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಊಟ ಮಾಡಿ ಮಲಗಿದ್ದಾಗ ಜಗಲಿಯಿಂದ ಕೂಗು: "ಮಾವಾ, ಸಿಕ್ತ್!" ಎದ್ದು ಬಂದು ನೋಡಿದೆ. ಆ ಮುಖ ನೋಡಿ, ಹೇಳದೆ ಉಳಿದದ್ದಕ್ಕೆ ನನಗೆ ಬಂದ ಸಮಾಧಾನ ಅಷ್ಟಿಷ್ಟಲ್ಲ. ಮಕ್ಕಳಿಗೆ ಮೊದಲ ಸಲ ಆಡುವಾಗ ಯಾವುದು ಎಲ್ಲಿದೆ ಎಂಬ ಪಟ್ಟಿ ಕೊಡಬೇಡಿ ಎಂದು ಎಲ್ಲ ಅಪ್ಪ ಅಮ್ಮಂದಿರಲ್ಲೂ ಕೇಳಿಕೊಳ್ಳುತ್ತೇನೆ. ಎರಡನೇ ಸಲಕ್ಕೆ ಪಟ್ಟಿ ಇರಲಿ.

ಹಳೆಯ ಟಿಎಂಗಳ ಒಂದೇ ಸಲದ ಕಟ್ಟು ಸಡಿಲವಾದದ್ದು 2010ರಲ್ಲಿ. ಆ ವರ್ಷದ 'ಬ್ಲ್ಯಾಕ್' ಮತ್ತು 'ವೈಟ್' ಆಟಗಳಿಂದ ಟಿಎಂ ಎಷ್ಟು ಸಲ ಬಳಸಿದರೂ ಮುಗಿಯದ್ದಾಯಿತು. ಪಂದ್ಯಕ್ಕೆ ತಯಾರಾಗುವವರು ಹಿಗ್ಗಿದರು. ಹತ್ತು ಪ್ರಾಣಿಗಳಿಗೆ ಹತ್ತು ಬಗೆಯಲ್ಲಿ ಕಲಿಸಿ ನೋಡಬಹುದು, ತಪ್ಪಿದರೆ ತಿದ್ದಬಹುದು. ವಿದ್ಯೆ ಕೊಟ್ಟರೆ ಕಡಿಮೆಯಾಗುವುದಿಲ್ಲ ಎಂಬ ನಮ್ಮ ಹಿರಿಯರ ಮಾತಿಗೂ ಅದು ಹತ್ತಿರ. 2016ರ ಆಟಗಳಲ್ಲಿ ಎಚ್‌ಎಂಗಳನ್ನು ಪೂರಾ ತೆಗೆದರು. 2019ರಲ್ಲಿ 100 ಟಿಎಂ ಶಾಶ್ವತವಾದವು, ಜೊತೆಗೆ ಒಂದೇ ಸಲದ 100 'ಟಿಆರ್' ಬಂದವು. 2022ರ 'ಸ್ಕಾರ್ಲೆಟ್' ಮತ್ತು 'ವಯೊಲೆಟ್' ಮತ್ತೆ ಹಳೆಯ ದಾರಿಗೆ ತಿರುಗಿ ಹೊಸದೊಂದನ್ನು ಸೇರಿಸಿದವು. ಅಲ್ಲಿ ಟಿಎಂ ಒಂದೇ ಸಲಕ್ಕೆ ಕರಗುತ್ತದೆ. ಆದರೆ ಒಮ್ಮೆ ಸಿಕ್ಕಿದ್ದನ್ನು ಯಂತ್ರದಲ್ಲಿ ಮತ್ತೆ ತಯಾರಿಸಿಕೊಳ್ಳಬಹುದು. ಕಾಡು ಪೋಕೆಮಾನ್‌ಗಳ ಗರಿ, ತುಪ್ಪಳ, ಉಗುರು ಇತ್ಯಾದಿ ಸಾಮಾನು ಬೇಕು. ಬಿಡುಗಡೆಯ ಹೊತ್ತಿಗೆ 171 ಇದ್ದದ್ದು ನಂತರದ ಸೇರ್ಪಡೆಗಳಿಂದ 229 ಆಯಿತು. ಬಯಲಿನಲ್ಲಿ ಹಳದಿ ಚೆಂಡು ಬಿದ್ದಿದ್ದರೆ ಅದು ಟಿಎಂ, ಕೆಂಪಾದರೆ ಬೇರೆ ವಸ್ತು.

ನನ್ನ ಮನಸ್ಸು ಎತ್ತ ಎಂದು ಕೇಳಿದರೆ, ಮುಗಿಯದ ಟಿಎಂ ಕಡೆಗೇ. ಒಂದೇ ಸಲದ್ದಕ್ಕೆ ಬೆಲೆ ಹೆಚ್ಚು ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಚೀಲದಲ್ಲೇ ಉಳಿದುಹೋದ ನನ್ನ ಭೂಕಂಪದಿಂದ ಯಾರಿಗೆ ಏನು ಉಪಕಾರವಾಯಿತು? ಹುಡುಕುವುದು ಕಷ್ಟವಿರಲಿ, ಕಲಿಸುವುದು ಕಷ್ಟವಾಗದಿರಲಿ. ಸೇತುವೆಯ ಅಡಿಯ ಗುಹೆ ಹಾಗೆಯೇ ಇರಲಿ.

ಮನಸ್ಸಿಗೆ ನೋವಾಗುವುದು ಫೋನಿನ ಆಟ ನೋಡಿದಾಗ. 'ಪೋಕೆಮಾನ್ ಗೋ' 2016ರ ಜುಲೈಯಲ್ಲಿ ಬೇರೆ ದೇಶಗಳಲ್ಲಿ ಬಂದು, ಭಾರತಕ್ಕೆ ಅಧಿಕೃತವಾಗಿ ಬಂದದ್ದು ಅದೇ ಡಿಸೆಂಬರಿನಲ್ಲಿ, ರಿಲಯನ್ಸ್ ಜಿಯೊ ಜೊತೆಗೂಡಿ. ಇಲ್ಲಿ ನಡೆಯಬೇಕಾದದ್ದು ನಿಜವಾದ ರಸ್ತೆಯ ಮೇಲೆ. ನಿಜವಾದ ದೇವಸ್ಥಾನ, ಪ್ರತಿಮೆ, ಉದ್ಯಾನ, ಕಟ್ಟೆಗಳೇ ಆಟದ 'ಸ್ಟಾಪ್' ಮತ್ತು 'ಜಿಮ್'. 2017ರ ಜೂನಿನಲ್ಲಿ ಇದಕ್ಕೂ ಟಿಎಂ ಬಂತು. ದಾರಿಯಲ್ಲಿ ಬಿದ್ದು ಸಿಗುವುದಿಲ್ಲ, ಅಜ್ಜನೊಬ್ಬ ಕೊಡುವುದೂ ಇಲ್ಲ. ಜಿಮ್‌ನಲ್ಲಿ ಹಲವರು ಸೇರಿ ದೊಡ್ಡ ಪೋಕೆಮಾನ್ ಒಂದನ್ನು ಸೋಲಿಸುವ 'ರೇಡ್'ನ ಬಹುಮಾನವಾಗಿ ಬಂತು. ಸಾಮಾನ್ಯ ಟಿಎಂ ಬಳಸಿದರೆ ಯಾವ ಪಟ್ಟು ಬರುತ್ತದೆಂದು ಹೇಳಲಾಗದು, ಅದೃಷ್ಟ. ಬೇಕಾದ್ದನ್ನೇ ಆರಿಸಲು 2020ರಲ್ಲಿ ಬಂದ 'ಎಲೀಟ್ ಟಿಎಂ' ಬೇಕು, ಅದು ಬಲು ಅಪರೂಪ.

ಸ್ಟಾಪ್‌ಗಳು ಎಲ್ಲಿವೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಹಿಂದಿನ ಆಟವೊಂದರ ನಕ್ಷೆ. 'ಗೋ' ಕಟ್ಟಿದ ಕಂಪನಿಯದೇ ಆದ 2012ರ 'ಇಂಗ್ರೆಸ್' ಆಟವನ್ನು ಆಡಿದವರು ತಮ್ಮ ಸುತ್ತಲಿನ ಜಾಗಗಳನ್ನು ಫೋಟೊ ತೆಗೆದು ಸೇರಿಸಿದ್ದರು. ಆಡುವವರು ಪೇಟೆಯಲ್ಲಿದ್ದರು, ಜಾಗಗಳೂ ಪೇಟೆಯಲ್ಲೇ ಉಳಿದವು. ಪೇಟೆಯ ಒಂದು ರಸ್ತೆಯಲ್ಲಿ ಹತ್ತು ಸ್ಟಾಪ್ ಸಿಗುವಾಗ ಹಳ್ಳಿಯ ಮಗು ಹತ್ತು ಮೈಲಿ ನಡೆದರೂ ಒಂದು ಸಿಗದೆ ಇರಬಹುದು. ಹಟ್ಟಿಯಂಗಡಿಯಂಥ ಊರಿನಲ್ಲಿ ಜಟೆಯಿರುವ ಗಣಪತಿಯ ದೇವಸ್ಥಾನವಿದೆ, ಲೋಕನಾಥೇಶ್ವರನಿದ್ದಾನೆ, ಚಂದ್ರನಾಥನ ಬಸದಿಯಿದೆ, ಕೆಳಗೆ ವರಾಹಿ ಇದೆ. ಆಳುಪರ ಕಾಲದ್ದೆಂದು ಹೇಳುವ ಊರು. ನಿಂತು ನೋಡಬೇಕಾದ ಜಾಗಗಳು ಇಲ್ಲಿ ಪೇಟೆಗಿಂತ ಕಡಿಮೆಯಿಲ್ಲ; ನಕ್ಷೆ ಬರೆಯುವ ಕೈ ಇತ್ತ ಬರುವುದು ತಡ. 2020ರ ಏಪ್ರಿಲ್‌ನಲ್ಲಿ ಮನೆಯಿಂದಲೇ ದೂರದ ರೇಡಿಗೆ ಸೇರುವ ಪಾಸು ಬಂದಾಗ ಹಳ್ಳಿಯ ಆಟಗಾರರಿಗೆ ಮೊದಲ ಸಲ ನ್ಯಾಯ ಸಿಕ್ಕಿತು. 2023ರ ಏಪ್ರಿಲ್‌ನಲ್ಲಿ ಅದರ ಬೆಲೆ ಏರಿಸಿ, ದಿನಕ್ಕೆ ಐದೇ ಎಂದು ಮಿತಿ ಹಾಕಿದರು. ಜನರು ಹೊರಗೆ ನಡೆಯಲಿ, ಒಟ್ಟು ಸೇರಲಿ ಎಂಬುದು ಅವರು ಹೇಳಿದ ಕಾರಣ. ಆಶಯ ಒಳ್ಳೆಯದೇ. ಆದರೆ ನಡೆಯಲು ದಾರಿಯಿದ್ದು, ದಾರಿಯ ಕೊನೆಯಲ್ಲಿ ಏನೂ ಇಡದಿದ್ದರೆ ಮಗು ಎತ್ತ ನಡೆಯಬೇಕು? 1996ರ ಆಟ ಈ ತಪ್ಪು ಮಾಡಿರಲಿಲ್ಲ. ಅದರಲ್ಲಿ ಸಣ್ಣ ಊರಿಗೂ ಒಂದು ಮನೆ, ಆ ಮನೆಗೂ ಒಂದು ಮಾತು ಇತ್ತು.

ಹುಡುಗ ವಾಪಸು ಹೋಗುವ ಮೊದಲಿನ ರಾತ್ರಿ ಹತ್ತಿರದಲ್ಲೇ ಬಯಲಾಟವಿತ್ತು. ಕರೆದುಕೊಂಡು ಹೋದೆ. ಸ್ವಿಚ್ಚು ಮನೆಯಲ್ಲಿತ್ತು, ಭೂಕಂಪ ಇನ್ನೂ ಯಾರಿಗೂ ಕಲಿಸದೆ ಅದರೊಳಗಿತ್ತು. ಯಾರಿಗೆ ಕೊಡುವುದೆಂದು ದಾರಿಯುದ್ದಕ್ಕೂ ನನ್ನ ಹತ್ತಿರ ಚರ್ಚೆ ಮಾಡಿದ. ಆಟ ಶುರುವಾಗುವ ಮೊದಲು ಚೌಕಿಗೆ ಹೋದೆವು. ಪೆಟ್ಟಿಗೆಗಳ ಸಾಲು, ಬಣ್ಣದ ವಾಸನೆ, ಬೆಳಕಿನ ಕೆಳಗೆ ಕನ್ನಡಿ ಹಿಡಿದು ಕೂತವರು. ಬಾಲಗೋಪಾಲನ ವೇಷದ ಹುಡುಗನೊಬ್ಬ, ಇವನಿಗಿಂತ ಎರಡು ವರ್ಷ ದೊಡ್ಡವನಿರಬೇಕು, ಗೆಜ್ಜೆ ಕಟ್ಟಿಕೊಂಡು ಮೂಲೆಯಲ್ಲಿ ಸದ್ದಿಲ್ಲದೆ ಒಂದು ಹೆಜ್ಜೆಯನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದ. ಇವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಯಾವ ಸಂಕೋಚವೂ ಇಲ್ಲದೆ ಹತ್ತಿರ ಹೋಗಿ ಕೇಳಿದ:

"ಈ ಹೆಜ್ಜೆ ನಿಂಗೆ ಎಲ್ ಸಿಕ್ತ್?"

ಆ ಹುಡುಗನಿಗೆ ಪ್ರಶ್ನೆ ವಿಚಿತ್ರವೆನಿಸಲಿಲ್ಲ. ಹೆಜ್ಜೆ ನಿಲ್ಲಿಸದೆಯೇ, ಆಚೆ ಬದಿಯಲ್ಲಿ ಕೇದಗೆ ಮುಂದಲೆ ಕಟ್ಟಿಕೊಳ್ಳುತ್ತಿದ್ದ ಹಿರಿಯರ ಕಡೆ ಗಲ್ಲ ಎತ್ತಿ ತೋರಿಸಿದ. ನನ್ನ ಅಳಿಯ ಅತ್ತ ಹೊರಟ.